ಅಕ್ಕನ ಬೇರಿಂಗ್

ತಮ್ಮನ ಸ್ಕೇಟ್‌ಬೋರ್ಡಿನ ನಾಲ್ಕು ಚಕ್ರಗಳೊಳಗಿನ ಎಂಟು ಬೇರಿಂಗುಗಳನ್ನು ಒಂಬತ್ತು ವರ್ಷದಿಂದ ನೋಡಿಕೊಂಡು ಬಂದವಳು ಅಕ್ಕ. ಮೋಟಾರ್ ರಿಪೇರಿ ಅಂಗಡಿ ಅವಳದು. ಪ್ರತಿ ಪಂದ್ಯದ ಹಿಂದಿನ ದಿನ ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೇ ಒಂದು ತೊಟ್ಟು ಬಿಡುತ್ತಿದ್ದಳು. ಆ ಕೆಲಸಕ್ಕೆ ಬೇರೆಯವರು ಕೈ ಹಾಕುವಂತಿರಲಿಲ್ಲ.

ಮದುವೆಯಾಗಿ ಏಳು ತಿಂಗಳಾಗಿದ್ದ ತಮ್ಮನ ಹೆಂಡತಿ ಭಾನುವಾರದ ಪಂದ್ಯಕ್ಕೆಂದು ಹೊಸ ಸೆಟ್ ತಂದಳು. ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ತಮ್ಮ ಡಬ್ಬಿ ತೆರೆದು, "ಏನೇ, ಕನ್ನಡಿ ಥರ ಹೊಳೀತಿದೆ!" ಎಂದ.

"ಹೊಳೆಯೋದಕ್ಕೇನು, ಚಮಚನೂ ಹೊಳೆಯುತ್ತೆ," ಎಂದಳು ಅಕ್ಕ. ತನ್ನ ಬೇರಿಂಗ್ ಹಾಕಿದ ಚಕ್ರವನ್ನು ಬೆರಳಿನಿಂದ ತಿರುಗಿಸಿದಳು. ಅದು ಐವತ್ತೆಂಟು ಸೆಕೆಂಡ್ ತಿರುಗಿತು. ಹೊಸದು ಮೂವತ್ತೊಂದಕ್ಕೇ ನಿಂತಿತು. "ನೋಡಮ್ಮ ಮೇಷ್ಟ್ರೇ, ಪಾಠ ಮುಗೀತು."

"ಅತ್ತಿಗೆ, ಅದರಲ್ಲಿ ಗ್ರೀಸ್ ಇದೆ, ನಿಮ್ಮದರಲ್ಲಿ ಎಣ್ಣೆ. ಅದೂ ಅಲ್ದೆ ಚಕ್ರ ಗಾಳಿಯಲ್ಲಿ ತಿರುಗ್ತಿದೆ. ಇವರು ಅರವತ್ತೆರಡು ಕೆಜಿ ಇದ್ದಾರಲ್ಲ, ಆ ಭಾರ ಹೊತ್ತು ಓಡ್ಬೇಕು ತಾನೆ?"

ಅವಳು ಹೇಳಿದ್ದು ಸರಿಯಾಗಿತ್ತು. ಅಕ್ಕನಿಗೆ ಸಹಿಸಲಾಗದ್ದೂ ಅದೇ.

ತಮ್ಮ ಎರಡೂ ಕೈ ಎತ್ತಿದ. "ಇಬ್ರೂ ಸೇರಿ ಒಂದು ಪರೀಕ್ಷೆ ಮಾಡಿ. ಗೆದ್ದಿದ್ದನ್ನು ಹಾಕ್ಕೋತೀನಿ. ನನ್ನ ಪ್ರಾಣ ತಿನ್ಬೇಡಿ."

ಶನಿವಾರ ಮಧ್ಯಾಹ್ನ ಅಂಗಡಿಯ ಉದ್ದನೆಯ ಹಜಾರ ಖಾಲಿ ಮಾಡಿದರು. ಒಂದು ತುದಿಗೆ ಇಳಿಜಾರಾಗಿ ಹಲಗೆ, ಅದರ ಮೇಲ್ಭಾಗದಲ್ಲಿ ಒಂದು ಗೆರೆ. ಬೋರ್ಡಿನ ಮೇಲೆ ಅರವತ್ತೆರಡು ಕೆಜಿ ಮರಳಿನ ಚೀಲ. ಬೋರ್ಡೂ ಅದೇ, ಚಕ್ರಗಳೂ ಅವೇ; ಬದಲಾಗುವುದು ಬೇರಿಂಗ್ ಮಾತ್ರ. ಪ್ರತಿ ಸೆಟ್ಟಿಗೆ ಐದು ಓಟ. ಅಕ್ಕ ಗೆರೆಯ ಮೇಲಿಂದ ಬೋರ್ಡನ್ನು ಬಿಡಬೇಕು, ತಮ್ಮನ ಹೆಂಡತಿ ಅದು ನಿಂತಲ್ಲಿಗೆ ಟೇಪ್ ಹಿಡಿದು ಪುಸ್ತಕದಲ್ಲಿ ಅಳತೆ ಬರೆಯಬೇಕು. ತಮ್ಮ ಒಳಕೋಣೆಯಲ್ಲಿ ಬೇರಿಂಗ್ ಜೋಡಿಸಿ 'ಒಂದು', 'ಎರಡು' ಎಂದಷ್ಟೇ ಹೇಳಿ, ಬೋರ್ಡು ಕೊಟ್ಟು ಬಾಗಿಲು ಹಾಕಿಕೊಳ್ಳಬೇಕು.

"ಅವನ್ಯಾಕೆ ಒಳಗೆ?"

"ಅವರ ಮುಖ ನೋಡಿದ್ರೆ ನಮಗೆ ಗೊತ್ತಾಗ್ಬಿಡುತ್ತೆ, ಅತ್ತಿಗೆ. ಯಾವುದು ಯಾರದು ಅಂತ ಗೊತ್ತಾದ್ರೆ ಕೈ ಸುಮ್ನಿರಲ್ಲ."

ಒಂದನೇ ಸೆಟ್ ಮೆಲ್ಲಗೆ ಸದ್ದು ಮಾಡುತ್ತಾ ಓಡಿತು. ಸರಾಸರಿ ಹದಿನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರ್.

ಒಂದನೆಯದರ ಚಕ್ರ ತಿರುಗಿಸಿ ನೋಡುವುದು ಅಕ್ಕನಿಗೆ ಹೊಳೆದಿರಲಿಲ್ಲ; ಎರಡನೆಯದು ಬಂದಾಗ ಚಕ್ರವನ್ನು ಮೆಲ್ಲಗೆ ತಿರುಗಿಸಿದಳು. ಗರಗರ ಎಂದಿತು. ಗ್ರೀಸ್ ಇಲ್ಲದ ಬೇರಿಂಗಿನ ಸದ್ದು; ತನ್ನದೇ, ಅನುಮಾನವಿಲ್ಲ. ಟೇಪ್ ಹಿಡಿದವಳು ನೆಲದ ಕಡೆ ಬಗ್ಗಿದ್ದಳು. ಬೋರ್ಡು ಬಿಡುವಾಗ ಅಕ್ಕ ಅಂಗೈಯಿಂದ ಸಣ್ಣಗೆ ಮುಂದಕ್ಕೆ ಒತ್ತಿದಳು, ಐದೂ ಸಲ. ಹದಿನೈದು ಮೀಟರ್ ಹತ್ತು.

"ಎರಡನೇದು ಗೆದ್ತು!" ಅಕ್ಕ ಕೂಗಿದಳು. "ಬಾರೋ ಹೊರಗೆ. ಯಾರದು ಹೇಳು."

ತಮ್ಮ ಬಾಗಿಲಿನಿಂದ ಇಣುಕಿದ. "ಎರಡನೇದು ಇವಳದು."

"ಸುಳ್ಳು! ಇವಳದರಲ್ಲಿ ಗ್ರೀಸ್ ಇರ್ಲಿಲ್ವಾ?"

"ಬೆಳಿಗ್ಗೆ ತೊಳೆದೆ, ಅತ್ತಿಗೆ," ಎಂದಳು ತಮ್ಮನ ಹೆಂಡತಿ. "ಎರಡಕ್ಕೂ ಒಂದೇ ಎಣ್ಣೆ ಇರ್ಲಿ ಅಂತ. ನಿಮ್ಮ ಥರಾನೇ, ಒಂದೇ ತೊಟ್ಟು. ಇವರು ಹೇಳ್ಕೊಟ್ರು."

ಹೇಳಿಕೊಟ್ಟನಂತೆ! ಅಕ್ಕನಿಗೆ ಸೋಲಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಸುಮ್ಮನಿದ್ದರೆ ಒಂಬತ್ತು ವರ್ಷದ ಕೆಲಸ ಇಂದಿಗೇ ಕೈತಪ್ಪುತ್ತದೆ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಅವಳು ಟೇಪಿನ ಕಡೆ ನೋಡಿದಳು, ತಮ್ಮನ ಕಡೆ ನೋಡಿದಳು.

"ನಾನು ತಳ್ಳಿದೆ ಕಣೋ," ಎಂದಳು.

"ಏನು?"

"ನನ್ನದು ಅಂದ್ಕೊಂಡು ತಳ್ಳಿದೆ. ಐದು ಸಲ."

ತಮ್ಮ ನಗು ತಡೆಯಲಾಗದೆ ಗೋಡೆಗೆ ಒರಗಿದ. "ಅಯ್ಯೋ ಅಕ್ಕಾ, ಮೋಸ ಮಾಡೋಕೂ ಬರಲ್ವಲ್ಲೇ ನಿಂಗೆ!"

ಅವನ ಹೆಂಡತಿ ನಗಲಿಲ್ಲ. ಪುಸ್ತಕದಲ್ಲಿ ಬರೆದದ್ದಕ್ಕೆಲ್ಲ ಗೀಟು ಹಾಕಿದಳು. "ತಪ್ಪು ನನ್ನದೂ ಇದೆ. ಬಿಡೋ ಕೆಲಸ ಕೈಗೆ ಕೊಡಬಾರದಿತ್ತು," ಎಂದು ಗೆರೆಯ ಮೇಲೆ ಮರದ ಪಟ್ಟಿ ಅಡ್ಡ ಇಟ್ಟಳು. ಇನ್ನು ಪಟ್ಟಿ ಎತ್ತಿದರೆ ಸಾಕು, ಬೋರ್ಡು ತಾನೇ ಇಳಿಯುತ್ತದೆ.

ಮತ್ತೆ ಹತ್ತು ಓಟ. ಎರಡು ಸರಾಸರಿಗಳ ನಡುವೆ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಒಂದೇ ಸೆಟ್ಟಿನ ಐದು ಓಟಗಳೇ ಹದಿನೈದು ಸೆಂಟಿಮೀಟರ್ ಹೆಚ್ಚುಕಡಿಮೆ ಆಗಿದ್ದವು.

"ಅಂದ್ರೆ ಎರಡೂ ಒಂದೇ," ಎಂದಳು ತಮ್ಮನ ಹೆಂಡತಿ.

ಸೋತಿದ್ದರೆ ಅಕ್ಕ ಬೇರಿಂಗನ್ನು ಬೈದುಕೊಳ್ಳಬಹುದಿತ್ತು. ಈಗ ತಮ್ಮ ಯಾವ ಡಬ್ಬಿಗೆ ಕೈ ಹಾಕಿದರೂ ಅದಕ್ಕೆ ಬೇರಿಂಗ್ ಕಾರಣವಾಗುವುದಿಲ್ಲ; ಅಕ್ಕನೋ ಹೆಂಡತಿಯೋ ಎಂದಾಗುತ್ತದೆ. ಇಬ್ಬರೂ ಅವನ ಕೈಯನ್ನೇ ನೋಡುತ್ತಾ ನಿಂತರು.

ತಮ್ಮ ತಲೆ ಕೆರೆದುಕೊಂಡ. ಕೊನೆಗೆ ಈ ಡಬ್ಬಿಯಿಂದ ನಾಲ್ಕು, ಆ ಡಬ್ಬಿಯಿಂದ ನಾಲ್ಕು ಎಣಿಸಿ ತೆಗೆದ. "ಎರಡು ಚಕ್ರಕ್ಕೆ ಅಕ್ಕಂದು, ಎರಡಕ್ಕೆ ಇವಳದು. ಆಯ್ತಾ?"

"ಆಯ್ತು," ಎಂದಳು ಅವನ ಹೆಂಡತಿ.

"ಆಯ್ತು," ಎಂದಳು ಅಕ್ಕ. ಆಮೇಲೆ ಸ್ಪ್ಯಾನರ್ ಎತ್ತಿಕೊಂಡು ಕೇಳಿದಳು: "ಮುಂದ್ಗಡೆ ಚಕ್ರಕ್ಕೆ ಯಾರದು?"