ಮುಂದಿನ ಸೀಟು

ಪ್ಯಾನ್‌ಕೇಕ್ ಹಿಟ್ಟಿನ ಸೌಟಿನಿಂದಲೇ ಲವೋನ್ ಗಂಡನ ಬೂದಿಯನ್ನು ತೋಡಿ ಕಾಗದದ ಚೀಲಕ್ಕೆ ತುಂಬುತ್ತಿದ್ದಳು.

"ಅಮ್ಮಾ, ಬೇರೆ ಸೌಟೇ ಸಿಗಲಿಲ್ವಾ ನಿಂಗೆ?" ಮಗಳು ಕಾರ್ಲಾ ಹಣೆ ಚಚ್ಚಿಕೊಂಡಳು.

"ಯಾಕೆ? ನಿಮ್ಮಪ್ಪನಿಗೆ ಈ ಸೌಟು ಕಂಡ್ರೆ ಎಷ್ಟು ಪ್ರೀತಿ ಅಂತ ಗೊತ್ತಲ್ಲ. ನನಗಿಂತ ಒಂದು ಕೈ ಜಾಸ್ತಿನೇ."

ಬಂದವರಿಗೆ ಪ್ಯಾನ್‌ಕೇಕ್ ಬೇಯಿಸುವ ಅಡುಗೆ ಶೆಡ್ಡಿನ ಹೊರಗೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ನೆಬ್ರಾಸ್ಕಾದ ಮೆಕ್ಕೆಜೋಳದ ಹೊಲಗಳ ನಡುವೆ ಎಲ್ಡನ್ ತಾನೇ ಹುಲ್ಲು ಕತ್ತರಿಸಿ ಕಾಪಾಡಿಕೊಂಡು ಬಂದಿದ್ದ ಆ ರನ್‌ವೇ ಪಟ್ಟಿಯಲ್ಲಿ ಪ್ರತಿ ಜೂನ್‌ನಲ್ಲೂ ಸಣ್ಣ ವಿಮಾನದವರ ಜಾತ್ರೆ ಸೇರುತ್ತಿತ್ತು. ಈ ಸಲ ಜಾತ್ರೆಯ ದಿನವೇ ಅವನ ಅಂತ್ಯಕ್ರಿಯೆ. ಹಾಗೆಂದು ಅವನೇ ಹೇಳಿ ಹೋಗಿದ್ದ. ಗೋಳಾಡುವುದಕ್ಕೆ ಬೇರೆ ದಿನ ದಂಡ, ಹೇಗೂ ಎಲ್ಲರೂ ಬಂದಿರುತ್ತಾರೆ, ತನ್ನ ಬೂದಿಯನ್ನೂ ಚೀಲದ ಸ್ಪರ್ಧೆಯಲ್ಲೇ ಬೀಳಿಸಿಬಿಡಿ ಎಂದಿದ್ದ.

ಹುಲ್ಲಿನ ಮೇಲೆ ಸುಣ್ಣದಿಂದ ಒಂದು ವೃತ್ತ ಬರೆಯುತ್ತಾರೆ. ಮೇಲೆ ಹಾರುತ್ತಲೇ ಮೈದಾಹಿಟ್ಟಿನ ಚೀಲವನ್ನು ಅದರೊಳಗೆ ಬೀಳಿಸಬೇಕು. ಎಷ್ಟು ದೂರ ಬಿತ್ತೆಂದು ಪಾದ್ರಿ ಅಂಡರ್ಸ್ ಟೇಪು ಹಿಡಿದು ಅಳೆಯುತ್ತಾರೆ. ಎಲ್ಡನ್‌ನ ಚೀಲ ಒಂದು ವರ್ಷವೂ ವೃತ್ತದ ಹತ್ತಿರ ಸುಳಿದದ್ದಿಲ್ಲ. ಒಮ್ಮೆ ಲವೋನ್‌ಳ ಕಾಫಿ ಹಂಡೆಗೆ ಬಿದ್ದಿತ್ತು, ಒಮ್ಮೆ ಪಾದ್ರಿಗಳ ಕಾರಿನ ಮೇಲೆ. ಗಾಳಿ ಸರಿಯಿರಲಿಲ್ಲ ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಇವಳು ನಗುತ್ತಿದ್ದಳು.

ವೆಂಡೆಲ್ ಒಳಗೆ ಬಂದ. ವರ್ಷವರ್ಷವೂ ಗೆಲ್ಲುತ್ತಿದ್ದವನು ಅವನೇ, ಎಲ್ಡನ್‌ನ ಪ್ರಾಣಸ್ನೇಹಿತ. ಇಂದು ಕೋಟು ತೊಟ್ಟು, ಟೈ ಕಟ್ಟಿಕೊಂಡು ಒದ್ದಾಡುತ್ತಿದ್ದ.

"ಎಲ್ಡನ್‌ನ ವಿಮಾನ ತಯಾರು. ನಾನು ಹಿಂದೆ ಕೂತು ಓಡಿಸ್ತೀನಿ. ಮುಂದಿನ ಸೀಟಲ್ಲಿ ಕೂತು ಚೀಲ ಬಿಡೋದು ಯಾರು?"

"ನಾನು," ಎಂದಳು ಕಾರ್ಲಾ.

ವೆಂಡೆಲ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಲವೋನ್, ನಿನಗೆ ಒಂದು ಮಾತು ಹೇಳ್ಬೇಕು. ನಾವೆಲ್ಲ ವೃತ್ತದ ಹತ್ತಿರ ಬೀಳಿಸ್ತಾ ಇದ್ದದ್ದು ಹೇಗೆ ಅಂತ ಗೊತ್ತಾ? ಒಬ್ಬ ಓಡಿಸ್ತಾನೆ, ಇನ್ನೊಬ್ಬ ಮುಂದೆ ಕೂತು ಎಸೀತಾನೆ. ಎಲ್ಡನ್ ಮಾತ್ರ ಒಂದು ಕೈಲಿ ವಿಮಾನ, ಇನ್ನೊಂದು ಕೈಲಿ ಚೀಲ. ನಾನು ಬರ್ತೀನಿ ಕಣೋ ಅಂತ ಪ್ರತಿ ವರ್ಷ ಗೋಗರೆದೆ. 'ಆ ಸೀಟು ನಮ್ಮೋಳದು, ನೀನು ಇಳಿ' ಅಂತಿದ್ದ, ಕತ್ತೆ."

ಸೌಟು ಕೈಯಲ್ಲೇ ನಿಂತಿತು.

*

ಮದುವೆಯಾದ ಹೊಸತರಲ್ಲಿ ಎಲ್ಡನ್ ಅವಳನ್ನು ಆ ಮುಂದಿನ ಸೀಟಿನಲ್ಲಿ ಕೂರಿಸಿ ಮೇಲೇರಿದ್ದ. ಹಳ್ಳದ ಬದಿಯ ಮರಗಳಷ್ಟು ಎತ್ತರಕ್ಕೆ ಹೋಗುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು. ಅವಳು ಕಿರುಚಿದ ರಭಸಕ್ಕೆ ಅವನು ಕೂಡಲೇ ಇಳಿಸಿದ. ಹುಲ್ಲಿನ ಮೇಲೆ ಕೂತು ಅವಳು ವಾಂತಿ ಮಾಡಿಕೊಳ್ಳುವಾಗ ಬೆನ್ನು ನೀವುತ್ತಾ, "ನಿಂಗೆ ಬೇಕು ಅನ್ನಿಸಿದಾಗ ಬಾ. ನಾನಾಗಿ ಕರೆಯಲ್ಲ," ಎಂದಿದ್ದ.

ಅವಳಿಗೆ ಬೇಕು ಅನ್ನಿಸಲೇ ಇಲ್ಲ. ಅವನೂ ಕರೆಯಲಿಲ್ಲ. ಜಾತ್ರೆಯ ದಿನ ಬೆಳಿಗ್ಗೆ ಅವನು ಒದ್ದೆ ಬಟ್ಟೆಯಿಂದ ಆ ಖಾಲಿ ಸೀಟನ್ನು ಒರೆಸುತ್ತಿದ್ದುದನ್ನು ಅವಳು ನೋಡಿದ್ದಳು, ಧೂಳಿಗಿರಬೇಕು ಎಂದುಕೊಂಡಿದ್ದಳು.

*

"ಕಾರ್ಲಾ, ಪ್ಯಾನ್‌ಕೇಕ್ ಸೀದುಹೋಗದ ಹಾಗೆ ನೋಡ್ಕೊ," ಎಂದು ಲವೋನ್ ಏಪ್ರನ್ ಬಿಚ್ಚಿದಳು.

"ಅಮ್ಮಾ, ನೀನು ಏಣಿ ಹತ್ತೋಕೂ ಹೆದರ್ತೀಯ!"

"ಹೆದರ್ತೀನಿ. ಹೆದರ್ಕೊಂಡೇ ಹೋಗ್ತೀನಿ, ಈಗೇನು?"

ವೆಂಡೆಲ್ ಬೆಲ್ಟು ಬಿಗಿದ. "ಕೈಯನ್ನ ಚೆನ್ನಾಗಿ ಹೊರಗೆ ಚಾಚಿ ಬಿಡು. ಇಲ್ಲಾಂದ್ರೆ ನಿನ್ನ ಗಂಡ ವಾಪಸ್ ಒಳಗೇ ಬರ್ತಾನೆ."

ಪಕ್ಕದ ಬಾಗಿಲು ತೆರೆದೇ ಇತ್ತು. ಚಕ್ರ ನೆಲ ಬಿಟ್ಟಾಗ ಲವೋನ್ ಚೀಲವನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿ ದೇವರನ್ನೂ ಎಲ್ಡನ್‌ನನ್ನೂ ಒಟ್ಟಿಗೆ ಬೈದಳು. ಆದರೆ ಈ ಸಲ ಯಾರೂ ಅವಳನ್ನು ಇಳಿಸಲಿಲ್ಲ, ಮರಗಳು ಕೆಳಗೇ ಉಳಿದವು. ಸ್ವಲ್ಪ ಹೊತ್ತಿಗೆ ಗಾಳಿಯ ತಂಪಿಗೆ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದು.

"ಬಂತು, ಬಂತು! ಬಿಡು!" ವೆಂಡೆಲ್ ಹಿಂದಿನಿಂದ ಕೂಗಿದ.

ಅವಳು ಬಿಡಲಿಲ್ಲ. ವೃತ್ತ ಕೆಳಗೆ ಜಾರಿಹೋಯಿತು.

"ಏನಾಯ್ತೇ?"

"ಇನ್ನೊಂದು ಸುತ್ತು ಹಾಕು!"

ವಿಮಾನ ವಾಲಿ ತಿರುಗಿತು. ಜೋಳದ ಹೊಲದ ಮೇಲೆ ಗಾಳಿ ಓಡುವುದು ಕಾಣುತ್ತಿತ್ತು. ಹಳ್ಳ ಬಿಸಿಲಿಗೆ ಹೊಳೆಯುತ್ತಿತ್ತು. ಸಾಲಾಗಿ ನಿಂತ ಹಳದಿ, ಕೆಂಪು, ನೀಲಿ ವಿಮಾನಗಳು, ಟೋಪಿ ತೆಗೆದು ಮೇಲೆ ನೋಡುತ್ತಿದ್ದ ಜನ, ಅವಳ ಅಡುಗೆ ಶೆಡ್ಡಿನ ತಗಡಿನ ಮಾಡು. ಅದರ ಹೊಗೆ ಕೂಡ ಮೇಲಿನಿಂದ ಚೆಂದವಿತ್ತು. ಎಷ್ಟೋ ವರ್ಷಗಳ ಮೇಲೆ ಲವೋನ್‌ಗೆ ಮದುವಣಗಿತ್ತಿಯಂಥ ಸಂತೋಷವಾಯಿತು. ಅದರ ಹಿಂದೆಯೇ, ಅವನು ಇದ್ದಾಗ ಬರಲಿಲ್ಲವಲ್ಲ ಎಂದು ಅಳುವೂ ಬಂತು. ಅತ್ತಳು, ನಕ್ಕಳು, ಎರಡನ್ನೂ ಗಾಳಿ ಒರೆಸಿತು.

"ವೆಂಡೆಲ್! ಇದನ್ನೆಲ್ಲಾ ಬಿಟ್ಟು ಆ ಬಳೆಯಷ್ಟಗಲ ಸುಣ್ಣಾನ ಯಾರಾದ್ರೂ ನೋಡ್ತಾರೇನೋ?"

"ನಾನು ನೋಡ್ತೀನಿ! ಅದಕ್ಕೇ ಗೆಲ್ತೀನಿ!"

"ಅದಕ್ಕೇ ನೀನು ಬರೀ ಗೆದ್ದೆ!"

ವೃತ್ತ ಮತ್ತೆ ಎದುರಾಯಿತು. ತಾನೇ ಬಿಗಿದು ಕಟ್ಟಿದ್ದ ದಾರವನ್ನು ಲವೋನ್ ಹಲ್ಲಿನಿಂದ ಎಳೆದು ಬಿಚ್ಚಿದಳು. ಚೀಲವನ್ನು ಬಾಗಿಲಾಚೆ ಹಿಡಿದು ಬುಡ ಮೇಲು ಮಾಡಿದಳು. ಒಂದು ಹಿಡಿಯಷ್ಟು ಬೂದಿ ತಿರುಗಿ ಬಂದು ಅವಳ ಮಡಿಲಲ್ಲಿ ಕೂತಿತು.

"ಹೇಳಿರಲಿಲ್ವಾ ನಾನು!" ವೆಂಡೆಲ್ ಕೆಮ್ಮುತ್ತಾ ನಕ್ಕ.

"ಇರಲಿ ಬಿಡೋ, ಅವನ ಜಾಗ ತಾನೇ!"

ಉಳಿದದ್ದು ಬಿಳಿಯ ಸೆರಗಿನ ಹಾಗೆ ಹರಡಿ ವೃತ್ತದ ಮೇಲೆ, ವಿಮಾನಗಳ ಮೇಲೆ, ಅಡುಗೆ ಶೆಡ್ಡಿನ ಮೇಲೆ, ಚಪ್ಪಾಳೆ ತಟ್ಟುತ್ತಿದ್ದ ಜನರ ಮೇಲೆ ನಿಧಾನವಾಗಿ ಇಳಿಯತೊಡಗಿತು. ಪಾದ್ರಿ ಅಂಡರ್ಸ್ ಕಪ್ಪು ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ವೃತ್ತದ ನಡುವಿಗೆ ಓಡಿ ಬಂದರು. ಟೇಪನ್ನು ಸರ್ರನೆ ಎಳೆದರು. ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದು ತಿಳಿಯದೆ, ಅದರ ತುದಿ ಹಿಡಿದುಕೊಂಡು ಸುತ್ತಲೂ ತಿರುಗುತ್ತಾ ನಿಂತರು.