ಕೆಳಗಿನ ಬುಟ್ಟಿ

ಆಫೀಸಿನಲ್ಲಿ ಅವನನ್ನು ಎಲ್ಲರೂ ಗೀಟಪ್ಪ ಎನ್ನುತ್ತಿದ್ದರು. ಸೋಂಕು ರೋಗಗಳ ಜಾಡು ಹಿಡಿಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತ ಮನುಷ್ಯ. ಕಂಪ್ಯೂಟರು ಬಂದ ಮೇಲೂ, ಉದ್ದನೆಯ ಪುಸ್ತಕದಲ್ಲಿ ಸ್ಕೇಲಿಟ್ಟು ಗೀಟು ಎಳೆದು, ಒಂದು ಗೀಟಿಗೆ ಒಬ್ಬ ರೋಗಿಯಂತೆ ಬರೆದುಕೊಳ್ಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ವಯಸ್ಸೆಷ್ಟು, ಯಾವ ಬೀದಿ, ಜ್ವರ ಶುರುವಾದದ್ದು ಯಾವತ್ತು, ಲಸಿಕೆ ಹಾಕಿಸಿದ್ದು ಎಲ್ಲಿ. ಜನ ನಗುತ್ತಿದ್ದರು, ನಗಲಿ ಬಿಡಿ. ವಾಂತಿಭೇದಿ ಯಾವ ನಲ್ಲಿಯಿಂದ ಹೊರಟಿತು ಎಂದು ಎರಡು ಸಲ ಬೆರಳಿಟ್ಟು ತೋರಿಸಿದ್ದು ಇದೇ ಗೀಟುಗಳು.

ಈಗ ಆ ಪುಸ್ತಕದಲ್ಲಿ ಹನ್ನೊಂದು ಗೀಟು ತುಂಬಿದ್ದವು. ಎಲ್ಲವೂ ಗಂಟಲಮಾರಿ. ಮಗುವಿನ ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರಿನ ದಾರಿಯನ್ನೇ ಮುಚ್ಚುವ ಈ ರೋಗವನ್ನು ಈಗಿನ ಡಾಕ್ಟರುಗಳು ಓದಿ ಬಲ್ಲರೇ ಹೊರತು, ಕಣ್ಣಾರೆ ಕಂಡವರು ಕಡಿಮೆ. ಮೂರು ವಾರದಲ್ಲಿ ಹನ್ನೊಂದು ಮಕ್ಕಳು, ಎಲ್ಲರೂ ಕಾಲುವೆಯ ಈಚೆ ದಂಡೆಯವರು. ಇಬ್ಬರು ಉಳಿಯಲಿಲ್ಲ.

ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ಶುಕ್ರವಾರದೊಳಗೆ ವರದಿ ಬೇಕಿತ್ತು. ಸೋಮವಾರ ಬೆಳಗ್ಗೆಯೇ ಬಂದು ಇವನ ಮೇಜಿನ ತುದಿಗೆ ಒರಗಿ ನಿಂತರು.

"ತಾಯ್ತಂದೆ ಸೂಜಿ ಹಾಕ್ಸಿರಲ್ಲ, ಆಮೇಲೆ ನಮ್ಮ ತಲೆ ಮೇಲೆ ಕೂರ್ತಾರೆ. ಹಾಗಂತ ಬರೆದು ಕಳ್ಸಿಬಿಡಪ್ಪ."

"ಹನ್ನೊಂದರಲ್ಲಿ ಒಂಬತ್ತು ಮಕ್ಕಳಿಗೆ ಹಾಕ್ಸಿದಾರೆ ಸಾರ್. ಕಾರ್ಡು ನಾನೇ ನೋಡಿದೀನಿ."

"ಕಾರ್ಡು ಸುಳ್ಳಿರ್ಬೇಕು."

"ಕಾರ್ಡಿನಲ್ಲಿರೋ ರುಜು ಸುಳ್ಳು ಹೇಳೋದಲ್ಲ ಸಾರ್."

ಯಾರ ರುಜು ಎಂದು ಡಾಕ್ಟರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಆ ಆಫೀಸಿನ ಹಳೆಯ ಚಾಳಿ. ಇನ್ನು ರುಜು ಯಾರದೆಂದರೆ, ಅತ್ತಿಗೆಯದು.

ಇವನ ತಾಯಿ ತೀರಿಕೊಂಡಾಗ ಇವನಿಗೆ ಎಂಟು ವರ್ಷ. ಅಣ್ಣನ ಕೈ ಹಿಡಿದು ಬಂದು ಆರು ತಿಂಗಳೂ ಆಗಿರದ ಅತ್ತಿಗೆ ಇವನ ತಲೆಗೆ ಎಣ್ಣೆ ಹಚ್ಚಿ, ಮಗ್ಗಿ ಬಾಯಿಪಾಠ ಮಾಡಿಸಿ, ಬಿದ್ದು ಮಂಡಿ ತರಚಿಕೊಂಡಾಗ ಮೊದಲು ಬೈದು ಆಮೇಲೆ ಮುದ್ದಿಸಿ ದೊಡ್ಡವನನ್ನಾಗಿ ಮಾಡಿದಳು. ಅಣ್ಣ ಹೋಗಿ ಹತ್ತು ವರ್ಷವಾಯಿತು. ಅತ್ತಿಗೆ ಈಚೆ ದಂಡೆಯ ಆರೋಗ್ಯ ಕೇಂದ್ರದಲ್ಲಿ ನರ್ಸು. ಅಲ್ಲಿನ ಲಸಿಕೆ ಫ್ರಿಜ್ಜಿನ ಕೀಲಿ ಅವಳ ಸೊಂಟದಲ್ಲೇ ಇರುತ್ತಿತ್ತು. ದಿನಕ್ಕೆರಡು ಸಲ ಥರ್ಮಾಮೀಟರು ನೋಡಿ ಬರೆಯುವುದನ್ನು ಒಂದು ದಿನವೂ ತಪ್ಪಿಸಿದವಳಲ್ಲ, ಗಂಡ ಸತ್ತ ದಿನವನ್ನೊಂದು ಬಿಟ್ಟು.

ಗೀಟಪ್ಪ ತನ್ನ ಲೆಕ್ಕಕ್ಕೆ ಕೂತ. ಹನ್ನೊಂದು ಮನೆಗಳ ಅಕ್ಕಪಕ್ಕದಲ್ಲಿ ಅದೇ ವಯಸ್ಸಿನ, ಆರೋಗ್ಯವಾಗಿರುವ ನಲವತ್ತನಾಲ್ಕು ಮಕ್ಕಳನ್ನು ಹುಡುಕಿ ಬರೆದುಕೊಂಡಿದ್ದ. ಅವರಲ್ಲಿ ಲಸಿಕೆ ಹಾಕಿಸಿದವರು ಮೂವತ್ತಾರು. ಅಂದರೆ ಕಾಯಿಲೆ ಬಿದ್ದ ಮಕ್ಕಳಲ್ಲೂ ಬೀಳದ ಮಕ್ಕಳಲ್ಲೂ ಹಾಕಿಸಿದವರ ಪಾಲು ಒಂದೇ ಸಮ. ಕೊಡೆ ಹಿಡಿದವರೂ ಹಿಡಿಯದವರೂ ಸಮನಾಗಿ ನೆನೆದರೆ ಬೈಯಬೇಕಾದದ್ದು ಮಳೆಯನ್ನಲ್ಲ. ಅವನು ಮೂರು ಸಲ ಲೆಕ್ಕ ಹಾಕಿದ. ಲಸಿಕೆಯಿಂದಾದ ರಕ್ಷಣೆ ಮೂರು ಸಲವೂ ಸೊನ್ನೆಯೇ ಬಂತು.

ಕಾಲುವೆಯ ಆಚೆ ದಂಡೆಗೂ ಇದೇ ಕಂಪನಿಯ ಇದೇ ಲಸಿಕೆ ಹೋಗುತ್ತದೆ, ಬೇರೆ ಕೇಂದ್ರದ ಫ್ರಿಜ್ಜಿನಿಂದ. ಅಲ್ಲಿನ ಮಕ್ಕಳು ಇದೇ ಶಾಲೆಗಳಿಗೆ ಬರುತ್ತವೆ, ಇದೇ ಬೆಂಚುಗಳಲ್ಲಿ ಕೂರುತ್ತವೆ. ಒಂದಕ್ಕೂ ಏನೂ ಆಗಿರಲಿಲ್ಲ. ಅವನು ವಯಸ್ಸಿನ ಸಾಲಿನ ಮೇಲೆ ಬೆರಳಾಡಿಸಿದ. ನಾಲ್ಕು, ಮೂರು, ಐದೂವರೆ, ಎರಡು, ಐದು. ಆರು ದಾಟಿದ ಮಗು ಒಂದೂ ಇಲ್ಲ. ಕಾಯಿಲೆ ಬಿದ್ದವರ ಅಕ್ಕಂದಿರು, ಅಣ್ಣಂದಿರು ಒಂದೇ ಹಾಸಿಗೆಯಲ್ಲಿ ಮಲಗಿ ಎದ್ದೂ ಕಲ್ಲುಗುಂಡಿನ ಹಾಗಿದ್ದರು. ಹಾಗಾದರೆ ಆರು ವರ್ಷದ ಹಿಂದೆ ಈಚೆ ದಂಡೆಯಲ್ಲಿ ಏನು ಬದಲಾಯಿತು?

ಆರು ವರ್ಷದ ಹಿಂದೆ ಅತ್ತಿಗೆಯ ಕೇಂದ್ರಕ್ಕೆ ಹೊಸ ಫ್ರಿಜ್ಜು ಬಂದಿತ್ತು. ಆ ದಿನ ಅವಳು ಅದಕ್ಕೆ ಕುಂಕುಮ ಇಡುವುದೊಂದು ಬಾಕಿ, ಅಷ್ಟು ಸಂಭ್ರಮಪಟ್ಟಿದ್ದಳು.

ಮಂಗಳವಾರ ಮಧ್ಯಾಹ್ನ ಕೇಂದ್ರಕ್ಕೆ ಹೋದ. ಅತ್ತಿಗೆಯ ಮಗಳ ಮಗಳು, ಎಲ್ಲರೂ ಪಟಾಕಿ ಎಂದು ಕರೆಯುವ ಐದು ವರ್ಷದ ಹುಡುಗಿ, ತೂಕದ ಯಂತ್ರದ ಮೇಲೆ ಹತ್ತಿ ಇಳಿದು ಆಡುತ್ತಿತ್ತು. ತಾಯಿ ಕೆಲಸ ಮುಗಿಸಿ ಬರುವವರೆಗೆ ಅದು ಅಜ್ಜಿಯ ಹತ್ತಿರವೇ ಇರುತ್ತಿತ್ತು.

"ಚಿಕ್ಕಜ್ಜ, ನಾನು ಈಗ ಹದಿನೇಳು. ಒಂದು ಕಾಲಲ್ಲಿ ನಿಂತ್ರೂ ಹದಿನೇಳೇ. ಯಾಕೆ?"

"ಇನ್ನೊಂದು ಕಾಲನ್ನ ಮನೇಲಿ ಬಿಟ್ಟು ಬಾ, ಆಗ ಕಡಿಮೆ ಆಗತ್ತೆ."

ಅತ್ತಿಗೆ ನಕ್ಕಳು. "ಬಾರೋ. ವರ್ಷಕ್ಕೊಂದ್ಸಲ ಈ ಕಡೆ ದಾರಿ ತಪ್ಪತ್ತಾ ನಿಂಗೆ? ಬಡವಾಗಿದೀಯಲ್ಲೋ. ಇರು, ಟೀ ಮಾಡ್ತೀನಿ."

"ಫ್ರಿಜ್ಜು ಒಂದ್ಸಲ ನೋಡ್ಬೇಕಿತ್ತು ಅತ್ತಿಗೆ. ಎಲ್ಲಾ ಕೇಂದ್ರದ್ದೂ ನೋಡ್ತಿದೀವಿ."

"ನೋಡಪ್ಪ, ಧಾರಾಳವಾಗಿ ನೋಡು," ಎಂದು ಕೀಲಿ ಕೊಟ್ಟಳು. "ಹಳೇ ಫ್ರಿಜ್ಜಿದ್ದಾಗ ಎರಡು ದಿನ ಕರೆಂಟು ಹೋಗಿ ಔಷಧಿ ಎಲ್ಲಾ ಬಿಸಿಗೆ ಹಾಳಾಯ್ತಲ್ಲ, ಆ ಇನ್‌ಸ್ಪೆಕ್ಟರು ನಾಲ್ಕು ಜನರ ಮುಂದೆ ನನ್ನ ಹೇಗೆ ಬೈದಿದ್ದ! ಅವತ್ತೇ ತೀರ್ಮಾನ ಮಾಡ್ದೆ, ಇನ್ನು ನನ್ನ ಕೈಯಲ್ಲಿ ಒಂದು ಬಾಟ್ಲೂ ಬಿಸಿ ಆಗ್ಬಾರ್ದು ಅಂತ. ತಂಪಿನ ತಿರುಗಣೆ ಪೂರ್ತಿ ತಿರುಗಿಸಿಟ್ಟಿದೀನಿ. ರಿಜಿಸ್ಟರ್ ನೋಡು, ಆರು ವರ್ಷದಿಂದ ಬರೀ ನಾಲ್ಕು ಡಿಗ್ರಿ."

ರಿಜಿಸ್ಟರಿನಲ್ಲಿ ಸುಳ್ಳಿರಲಿಲ್ಲ. ಮೇಲಿನಿಂದ ತೆರೆಯುವ, ಪೆಟ್ಟಿಗೆಯಂಥ ಆ ಫ್ರಿಜ್ಜಿನ ಮೇಲಿನ ಬುಟ್ಟಿಯಲ್ಲಿ ತೂಗುಬಿಟ್ಟಿದ್ದ ಥರ್ಮಾಮೀಟರು ನಾಲ್ಕನ್ನೇ ತೋರಿಸುತ್ತಿತ್ತು. ಅತ್ತಿಗೆಗೆ ಮಂಡಿನೋವು, ಬಗ್ಗಲಾಗದು. ಹಾಗಾಗಿ ಅದನ್ನು ನಿಂತಲ್ಲಿಂದಲೇ ಕಣ್ಣಿಗೆ ಬೀಳುವ ಹಾಗೆ ಕಟ್ಟಿದ್ದಳು. ಗಂಟಲಮಾರಿಯ ಲಸಿಕೆ ಇದ್ದದ್ದು ಕೆಳಗಿನ ಬುಟ್ಟಿಯಲ್ಲಿ, ಮಂಜುಗಡ್ಡೆ ಕಟ್ಟಿದ ಗೋಡೆಗೆ ಒತ್ತಿಕೊಂಡು. ಮುಂಜಾನೆ ಬೇಕಾದಷ್ಟನ್ನು ಬಗ್ಗಿ ತೆಗೆದು ಡಬ್ಬಿಗೆ ತುಂಬುತ್ತಿದ್ದವಳು ಆಯಾ. ಡಬ್ಬಿ ಅತ್ತಿಗೆಯ ಮೇಜಿಗೆ ಬರುವ ಹೊತ್ತಿಗೆ ಎಲ್ಲವೂ ನೀರಾಗಿರುತ್ತಿತ್ತು.

ಗೀಟಪ್ಪ ಬಗ್ಗಿ ಕೈ ಹಾಕಿದ. ಬೆರಳು ಅಂಟಿಕೊಂಡಿತು. ಮೇಲೆತ್ತಿದ ಸೀಸೆಯೊಳಗೆ ಉಗುರಿನಷ್ಟು ತೆಳುವಾದ ಒಂದು ಮಂಜಿನ ಚೂರು ತೇಲುತ್ತಿತ್ತು. ಬಿಸಿ ತಾಗಿದರೆ ಬಣ್ಣ ಬದಲಾಗುವ ಗುರುತು ಸೀಸೆಯ ಮೇಲಿರುತ್ತದೆ, ಅದು ಹೊಸದರಂತೆ ಬೆಳ್ಳಗಿತ್ತು. ಚಳಿ ತಾಗಿದರೆ ಹೇಳುವ ಗುರುತು ಇರುವುದಿಲ್ಲ. ಅವನು ಸೀಸೆಯನ್ನು ಅಂಗೈಯಲ್ಲಿ ಹಿಡಿದು ಮಂಜು ಕರಗಿಸಿ, ಚೆನ್ನಾಗಿ ಅಲ್ಲಾಡಿಸಿ, ಕಿಟಕಿಯ ಕಟ್ಟೆಯ ಮೇಲಿಟ್ಟ. ಒಳ್ಳೆಯ ಲಸಿಕೆ ಬಹಳ ಹೊತ್ತು ಹಾಲಿನ ಹಾಗೆ ಮಬ್ಬಾಗಿಯೇ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿ ಕರಗಿದ್ದಾದರೆ ಬಿಳಿ ಪುಡಿಯೆಲ್ಲ ಬೇಗ ತಳ ಸೇರುತ್ತದೆ. ಅತ್ತಿಗೆ ಟೀ ಸೋಸಿ ತರುವಷ್ಟರಲ್ಲಿ ಸೀಸೆಯ ಮೇಲರ್ಧ ತಿಳಿಯಾಗಿತ್ತು. ಅದರಲ್ಲಿ ಲಸಿಕೆಯ ಹೆಸರಿತ್ತು, ಸತ್ವ ಇರಲಿಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ, ಇಲ್ಲಿ ವಿಷವೂ ಆಗಿರಲಿಲ್ಲ, ಬರೀ ನೀರಾಗಿತ್ತು.

"ಎಲ್ಲಾ ಸರಿ ಇದೆ ತಾನೇ?" ಎಂದಳು ಅತ್ತಿಗೆ, ಲೋಟ ಕೈಗಿಡುತ್ತಾ.

ಅವನು ಸೀಸೆಯನ್ನು ಜೇಬಿಗೆ ಹಾಕಿಕೊಂಡಿದ್ದ. "ಹೂಂ ಅತ್ತಿಗೆ," ಎಂದ.

ಇಲ್ಲಿ ಅವನನ್ನು ಬೈಯಬೇಕು ಅನಿಸುತ್ತದೆ, ಬೈಯಲೇಬೇಕು. ಆದರೆ ಅವನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಅವಳ ನಿವೃತ್ತಿಗೆ ಇನ್ನು ಏಳು ತಿಂಗಳು. ಸತ್ತ ಇಬ್ಬರು ಮಕ್ಕಳಿಗೂ ಚುಚ್ಚಿದ್ದು ಇವಳ ಕೈ. ಹೇಗೆ ಹೇಳುವುದು? ದಾರಿಯುದ್ದಕ್ಕೂ ಅವನು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡ. ಹನ್ನೊಂದು ಸಣ್ಣ ಸಂಖ್ಯೆ. ಒಂದು ಸೀಸೆ ಏನನ್ನೂ ಸಾಬೀತು ಮಾಡುವುದಿಲ್ಲ. ಇನ್ನೊಂದು ವಾರ ಗೀಟು ತುಂಬಲಿ, ಆಗ ಬರೆದರೆ ಯಾರೂ ತಕರಾರು ಎತ್ತುವ ಹಾಗಿರುವುದಿಲ್ಲ. ಲೆಕ್ಕದವರು ಹೇಡಿಗಳಾದಾಗ ಹೀಗೆಯೇ ಮಾತಾಡುತ್ತಾರೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದುಕೊಂಡು ದೊಡ್ಡ ಡಾಕ್ಟರಿಗೆ ಚೀಟಿ ಬರೆದ: ಮಾಹಿತಿ ಸಾಲದು, ಒಂದು ವಾರ ಬೇಕು.

ಡಾಕ್ಟರು ಖುಷಿಯಾಗಿಯೇ ಒಪ್ಪಿದರು. ಒಪ್ಪಿ, ಜನರ ಸಮಾಧಾನಕ್ಕೆ ಗುರುವಾರ ಈಚೆ ದಂಡೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆಲ್ಲ ಹೆಚ್ಚುವರಿ ಸೂಜಿ ಎಂದು ಆರ್ಡರು ಹೊರಡಿಸಿದರು. ಲಸಿಕೆ ಅತ್ತಿಗೆಯ ಫ್ರಿಜ್ಜಿನದೇ.

ಗುರುವಾರ ಕೇಂದ್ರದ ಅಂಗಳ ತುಂಬಿ ಬೀದಿಯವರೆಗೆ ಸಾಲು ನಿಂತಿತ್ತು. ತಾಯಂದಿರ ಮುಖದಲ್ಲಿ ರಕ್ತವಿರಲಿಲ್ಲ. ಹಾಕಿಸಿದ ಮಕ್ಕಳಿಗೇ ಬಂದಿದೆಯಂತೆ, ಸೂಜಿಯಿಂದಲೇ ಬಂತಂತೆ ಎಂದು ಯಾರೋ ಪಿಸುಗುಟ್ಟಿದರು. ಸಾಲಿನ ಹಿಂದಿನಿಂದ ಇಬ್ಬರು ಕಳಚಿಕೊಂಡು ಹೊರಟರು. ಅತ್ತಿಗೆ ಇದನ್ನು ನೋಡಿದಳು. ಪಟಾಕಿಯನ್ನು ಕರೆದು ಮೇಜಿನ ಮೇಲೆ ಕೂರಿಸಿದಳು.

"ನೋಡ್ರಮ್ಮಾ, ಇದು ನನ್ನ ಮೊಮ್ಮಗಳು. ಮೊದಲನೇ ಸೂಜಿ ಇವಳಿಗೇ. ಇದರಲ್ಲಿ ಕೆಟ್ಟದ್ದಿದ್ರೆ ನನ್ನ ಮನೆ ಮಗೂಗೆ ಹಾಕ್ತೀನಾ?"

ಗೀಟಪ್ಪ ಬಾಗಿಲಲ್ಲಿ ನಿಂತಿದ್ದ. ಸೂಜಿ ಒಳಗಿಳಿದದ್ದನ್ನು ನೋಡಿದ. ನಿಲ್ಲಿಸಿ ಎನ್ನಲು ಒಂದು ಮಾತು ಸಾಕಿತ್ತು. ಹುಡುಗಿ ಅಳದೆ ಎಲ್ಲರ ಕಡೆ ನೋಡಿ ಹಲ್ಲು ಬಿಟ್ಟಳು. ಹೊರಟವರಿಬ್ಬರೂ ಸಾಲಿಗೆ ಮರಳಿದರು. ಸಂಜೆಯೊಳಗೆ ಇನ್ನೂರ ನಲವತ್ತು ಮಕ್ಕಳಿಗಾಯಿತು.

"ಒಂದು ವಾರದಿಂದ ಇವಳನ್ನ ಶಾಲೆಗೆ ಕಳ್ಸಿರ್ಲಿಲ್ಲ ಕಣೋ, ಭಯ," ಎಂದಳು ಅತ್ತಿಗೆ, ಕೈ ತೊಳೆಯುತ್ತಾ. "ಅವಳ ಪಕ್ಕದ ಬೆಂಚಿನ ಹುಡುಗನ ತಮ್ಮನಿಗೇ ಬಂದಿತ್ತಲ್ಲ. ಇನ್ನು ಚಿಂತೆ ಇಲ್ಲ, ನಾಳೆಯಿಂದ ಹೋಗ್ಲಿ."

"ಇನ್ನೊಂದೆರಡು ದಿನ ಇರ್ಲಿ ಬಿಡಿ ಅತ್ತಿಗೆ."

"ಯಾಕೋ? ಸೂಜಿ ಹಾಕಿದ್ದಾಯ್ತಲ್ಲ!"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಶುಕ್ರವಾರ ಹುಡುಗಿ ಶಾಲೆಗೆ ಹೋದಳು.

ಮಂಗಳವಾರ ಬೆಳಗ್ಗೆ ಹನ್ನೆರಡನೆಯ ಗೀಟಿಗೆ ಆಸ್ಪತ್ರೆಯಿಂದ ಫೋನು ಬಂತು. ಐದು ವರ್ಷ, ಹೆಣ್ಣು, ಈಚೆ ದಂಡೆ, ಕತ್ತು ಊದಿದೆ. ಬೀದಿಯ ಹೆಸರು ಬರೆಯುತ್ತಿದ್ದಂತೆ ಅವನಿಗೆ ಮನೆ ಯಾವುದೆಂದು ಗೊತ್ತಾಯಿತು. ಪೆನ್ನು ಕೆಳಗಿಟ್ಟು ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ಜೇಬಿನ ಸೀಸೆಯನ್ನು ಮೇಜಿನ ಮೇಲಿಟ್ಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ವರದಿಯನ್ನೂ ಅಲ್ಲೇ ಬರೆದುಕೊಟ್ಟ. ಮಧ್ಯಾಹ್ನದೊಳಗೆ ಫ್ರಿಜ್ಜಿಗೆ ಸೀಲು ಬಿತ್ತು. ಆರು ವರ್ಷದಲ್ಲಿ ಅಲ್ಲಿಂದ ಸೂಜಿ ಹಾಕಿಸಿಕೊಂಡ ಮಕ್ಕಳನ್ನೆಲ್ಲ ಹುಡುಕಿ ಹೊಸದಾಗಿ ಹಾಕಬೇಕೆಂದು ಫೋನುಗಳು ಓಡಾಡತೊಡಗಿದವು.

ಆಸ್ಪತ್ರೆಯ ಉದ್ದನೆಯ ಪಡಸಾಲೆಯ ಕೊನೆಯಲ್ಲಿ ಗಾಜಿನ ಬಾಗಿಲು. ಅದರಾಚೆ ಹುಡುಗಿ. ರೋಗದ ನಂಜು ಇಳಿಸುವ ಔಷಧಿ ದೂರದ ದೊಡ್ಡ ಆಸ್ಪತ್ರೆಯಿಂದ ಬರಬೇಕಿತ್ತು, ಗಾಡಿ ಇನ್ನೂ ದಾರಿಯಲ್ಲಿತ್ತು. ಒಂದೊಂದು ಉಸಿರಿಗೂ ಒಳಗಿನಿಂದ ಗರಗಸ ಎಳೆದಂಥ ಸದ್ದು ಬಾಗಿಲು ದಾಟಿ ಕೇಳುತ್ತಿತ್ತು. ಹುಡುಗಿಯ ತಾಯಿ ಒಳಗೆ ಹಾಸಿಗೆಯ ಬಳಿ ಇದ್ದಳು. ಹೊರಗೆ ಬೆಂಚಿನ ಮೇಲೆ ಅತ್ತಿಗೆ, ನರ್ಸಿನ ಸಮವಸ್ತ್ರದಲ್ಲೇ ಕೂತಿದ್ದಳು.

"ಫ್ರಿಜ್ಜಿನ ವಿಷಯ ಹೇಳಿದ್ರು," ಎಂದಳು. "ಆರು ವರ್ಷ. ನಾನೇ ಕೆಡಿಸಿ, ನಾನೇ ಚುಚ್ಚಿದೀನಿ."

"ನಿಮ್ಮ ತಪ್ಪಲ್ಲ ಅತ್ತಿಗೆ. ಗೊತ್ತಿದ್ದು ಮಾಡಿದ್ದಲ್ಲ."

"ಹೂಂ. ನನಗೆ ಗೊತ್ತಿರ್ಲಿಲ್ಲ." ಇವನ ಕಡೆ ತಿರುಗಿದಳು. "ನಿಂಗೆ ಯಾವತ್ತು ಗೊತ್ತಾಯ್ತು?"

ಇವತ್ತು ಎನ್ನಬಹುದಿತ್ತು. ವರದಿಯ ಮೇಲೆ ಇವತ್ತಿನ ತಾರೀಖೇ ಇತ್ತು, ನಂಬುತ್ತಿದ್ದಳು. ಆದರೆ ಮಗ್ಗಿ ಕಲಿಸಿದವಳ ಎದುರು ತಪ್ಪು ಲೆಕ್ಕ ಒಪ್ಪಿಸಲು ಅವನಿಗೆ ಬಾಯಿ ಬರಲಿಲ್ಲ.

"ಹೋದ ಮಂಗಳವಾರ," ಎಂದ. "ನೀವು ಒಂದು ತಪ್ಪಿಗೆ ವರ್ಷಗಟ್ಟಲೆ ಕೊರಗಿದೋರು. ಇದನ್ನ ಹೇಗೆ ತಡ್ಕೋತೀರಿ ಅಂತ..."

ಅತ್ತಿಗೆ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟಿದಳು. ಮಂಗಳವಾರ, ಬುಧವಾರ, ಗುರುವಾರ. ಮೂರನೆಯದರ ಮೇಲೆ ನಿಲ್ಲಿಸಿದಳು.

"ಹೇಳಿದ್ದಿದ್ರೆ ನಾನು ಅಳ್ತಿದ್ದೆ," ಎಂದಳು. "ಅಷ್ಟೇ ತಾನೇ ಆಗ್ತಿದ್ದಿದ್ದು?"

ಒಳಗಿನಿಂದ ನರ್ಸೊಬ್ಬಳು ಬಾಗಿಲು ತೆರೆದು, ಮಗುವಿನ ಕಡೆಯವರು ಇನ್ನು ಯಾರಿದ್ದೀರಿ, ಬೇಗ ಬನ್ನಿ ಎಂದು ಕರೆದಳು. ಅತ್ತಿಗೆ ಮಂಡಿ ಹಿಡಿದುಕೊಂಡು ಎದ್ದಳು. ಎತ್ತಿ ನಿಲ್ಲಿಸಲು ಇವನು ಕೈ ಚಾಚಿದ.

"ನೀನು ಬರ್ಬೇಡ," ಎಂದು ಅವಳು ಒಳಗೆ ಹೋದಳು.