ಬಾತುಮರಿಯ ಎಡಗಾಲು

"ನೆಟ್ಟಗೆ ನಡಿ ಅಂದ್ರೆ ನೆಟ್ಟಗೆ ನಡೀಬೇಕು! ನಿನ್ನ ಪುರಾಣ ಯಾರಿಗೆ ಬೇಕಯ್ಯಾ?" ನಿರ್ದೇಶಕ ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆಯಿಂದ ಮೈಕಿನಲ್ಲಿ ಕೂಗಿದ.

"ನೆಟ್ಟಗಿರೋ ಕಾಲು ಬೇಕಿದ್ರೆ ನಿಮ್ಮದನ್ನೇ ತಂದು ನಡೆಸಿ ಸಾರ್. ನಂದು ಇಷ್ಟೇ," ಎಂದ ಗಾಜಿನಾಚೆ ನಿಂತಿದ್ದ ತಮ್ಮ.

ನಿರ್ದೇಶಕನ ಪಕ್ಕದಲ್ಲಿ ಕೂತಿದ್ದ ಅವನ ಅಕ್ಕನ ಪೆನ್ಸಿಲ್ ನಿಂತಿತು. ಬಾತುಮರಿಯ ಈ ಕಾರ್ಟೂನ್ ಸಿನಿಮಾಕ್ಕೆ ಚಿತ್ರ ಬರೆಯುವವಳು ಅವಳು, ಹೆಜ್ಜೆ ಸಪ್ಪಳ ಕೊಡುವವನು ಅವನು. ಒದ್ದೆ ಚಪ್ಪಲಿ ಮೆಟ್ಟಿ ಮರಳಿನ ತಟ್ಟೆಯ ಮೇಲೆ ಅವನು ನಡೆದರೆ ಸಾಕ್ಷಾತ್ ಬಾತುಮರಿಯೇ ಬಂದಂತೆ ಕೇಳುತ್ತಿತ್ತು. ಮರಿಗೂ ಎಡಗಾಲು ಊನ, ಅವನಿಗೂ ಎಡಗಾಲು ಊನ. ಚಿಕ್ಕಂದಿನಲ್ಲಿ ಅವನ ಕೈ ಹಿಡಿದು ಶಾಲೆಗೆ ಹೋಗುವಾಗ ಅಕ್ಕ ಆ ನಡಿಗೆ ಕಲಿತಿದ್ದಳು. ಬಲಗಾಲು ಮುಂದಿಡಲು ಒಂಬತ್ತು ಚಿತ್ರ, ಎಡಗಾಲು ಎಳೆದು ತರಲು ಹದಿನೈದು. ಪಚಕ್, ಆಮೇಲೆ ಸರ್ರ್.

ಅಕ್ಕ ಬರೆದ ಮುಖ್ಯ ಚಿತ್ರಗಳ ನಡುವಿನವನ್ನು ತುಂಬುವ ಹೊಸ ಹುಡುಗಿ ಇದನ್ನು ಲೆಕ್ಕದ ತಪ್ಪೆಂದುಕೊಂಡು ಕೊನೆಯ ದೃಶ್ಯದಲ್ಲಿ ಎರಡೂ ಕಾಲಿಗೆ ಹನ್ನೆರಡು ಹನ್ನೆರಡು ಹಂಚಿಬಿಟ್ಟಿದ್ದಳು. ಮರಿ ಟಕಟಕ ನಡೆದು ಕೆರೆ ಸೇರಿತು. ನಿರ್ದೇಶಕ ಕುಣಿದಾಡಿಬಿಟ್ಟಿದ್ದ. "ಆಹಾ, ಕಾಲು ವಾಸಿಯಾಯ್ತು! ಹೀಗೇ ಇರ್ಲಿ!" ಈಗ ಸಪ್ಪಳವೂ ಅದಕ್ಕೆ ತಕ್ಕಂತೆ ನೆಟ್ಟಗೆ ಬೇಕಿತ್ತು.

"ಹೋದ ಸಿನಿಮಾದಲ್ಲಿ ಕಳ್ಳನಿಗೆ ಕುಂಟುಕಾಲು ಕೊಟ್ರಿ. ನಡೆದಿದ್ದು ನಾನೇ," ಎಂದ ತಮ್ಮ. "ಈ ಸಲ ಒಳ್ಳೇ ಮರಿ, ಅದಕ್ಕೆ ಕಾಲು ರಿಪೇರಿ. ಕುಂಟ್ಕೊಂಡೇ ಕೆರೆ ಸೇರಿದ್ರೆ ನೀರೇನು ಒಳಗೆ ಬಿಟ್ಕೊಳ್ಳಲ್ವಾ?"

"ಮಕ್ಕಳ ಸಿನಿಮಾ ಕಣಯ್ಯಾ, ಖುಷಿಯಾಗಿ ಮುಗೀಬೇಕು."

"ಮರಿ ಖುಷಿಯಾಗೇ ಇದೆಯಲ್ಲ ಸಾರ್. ಬೇಜಾರು ನಿಮಗೆ." ಅವನು ಗಾಜಿನತ್ತ ತಿರುಗಿದ. "ಅಕ್ಕಾ, ನೀನಾದ್ರೂ ಹೇಳು."

ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ತಿದ್ದಿದ ಚಿತ್ರಗಳನ್ನು ಬೆಳಿಗ್ಗೆಯೇ ನೋಡಿದ್ದಳು. ನೋಡಿ ಸುಮ್ಮನಿದ್ದಳು. ಮರಿ ಸಲೀಸಾಗಿ ನಡೆದಾಗ, ಇವನೂ ಹೀಗೇ ನಡೆದಿದ್ದರೆ ಎಂದು ಒಂದು ಗಳಿಗೆ ಅವಳಿಗೆ ಆಸೆಯಾಗಿತ್ತು. ಆ ಆಸೆ ಈಗಲೂ ಮುಖದ ಮೇಲೇ ಇತ್ತೇನೋ, ತಮ್ಮ ಓದಿಬಿಟ್ಟ. ಕೋಪವೆಲ್ಲ ಇಳಿದು ನಕ್ಕ.

"ಇರ್ಲಿ ಬಿಡಕ್ಕ. ನನ್ನ ಕಾಯ್ತಾ ಕೂರ್ಬೇಡ, ಊಟ ಮಾಡು."

ಚಪ್ಪಲಿಯನ್ನೂ ಬಿಚ್ಚದೆ ಹೊರಟ. ಆಚೆಯ ಮೈಕು ಆರಿಸಿರಲಿಲ್ಲ, ರೆಕಾರ್ಡಿಂಗೂ ನಿಂತಿರಲಿಲ್ಲ. ಅವನು ಬಾಗಿಲು ದಾಟಿ ಓಣಿಯುದ್ದ ಹೋಗುವುದು ಸ್ಪೀಕರಿನಲ್ಲಿ ಕೇಳಿತು. ಪಚಕ್, ಸರ್ರ್. ಪಚಕ್, ಸರ್ರ್.

ಆ ಸಪ್ಪಳ ಅಳಿಸಲು ಕೈ ಚಾಚಿದ ನಿರ್ದೇಶಕನ ಮಣಿಕಟ್ಟನ್ನು ಅಕ್ಕ ಹಿಡಿದುಕೊಂಡಳು. "ಮುಟ್ಟಬೇಡಿ. ಕೊನೇ ದೃಶ್ಯದ ಸಪ್ಪಳ ಇದೇ. ಚಿತ್ರ ನಾನು ಬರೀತೀನಿ. ಬೇಡ ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ."

ನಿರ್ದೇಶಕ ಕೈ ಬಿಡಿಸಿಕೊಂಡು ಕೂತ. ಅವಳು ಹೊಸ ಹಾಳೆ ಎಳೆದುಕೊಂಡು ಆ ಸಪ್ಪಳವನ್ನೇ ಮತ್ತೆ ಮತ್ತೆ ಹಾಕಿ ಕೇಳುತ್ತ ಬರೆದಳು. ಬಲಕ್ಕೆ ಒಂಬತ್ತು, ಎಡಕ್ಕೆ ಹದಿನೈದು.

ಒದ್ದೆ ಚಪ್ಪಲಿಯ ಗುರುತು ಬಾಗಿಲವರೆಗೂ ಇತ್ತು. ಅದು ಆರುವವರೆಗೆ ತಮ್ಮ ಬರಲಿಲ್ಲ. ಆರಿದ ಮೇಲೂ ಬರಲಿಲ್ಲ.